ಓದುಗರ ಪ್ರಶ್ನೆ: ಶೇಕಡಾ 40 ರಿಯಾಯಿತಿಯ ಹಾಸಿಗೆ ನಿಜಕ್ಕೂ ಅಗ್ಗವೇ?

ಹೊಸ ಹಾಸಿಗೆ ಕೊಳ್ಳುವ ವಿಚಾರವಾಗಿ ಬಂದಿರುವ ಪತ್ರಗಳಲ್ಲಿ ನಾಲ್ಕನ್ನು ಈ ಸಲ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ. ಉಳಿದ ಮೂವರೂ ಅದನ್ನು ಓದಿಕೊಳ್ಳಬೇಕೆಂದು ಕೋರುತ್ತೇನೆ, ಏಕೆಂದರೆ ಅವರ ಉತ್ತರದ ಅರ್ಧ ಭಾಗ ಅಲ್ಲಿಯೇ ಇದೆ.

ಪ್ರಶ್ನೆ: ನಮ್ಮ ಮಂಚ ಆರೂವರೆ ಅಡಿ ಉದ್ದ, ಐದು ಅಡಿ ಅಗಲವಿದೆ. ಇಲ್ಲಿನ ಅಂಗಡಿಯೊಂದರಲ್ಲಿ 31,000 ರೂಪಾಯಿ ಎಂಆರ್‌ಪಿ ಇರುವ ಆರು ಇಂಚಿನ ಹಾಸಿಗೆಯನ್ನು ಶೇಕಡಾ 40 ರಿಯಾಯಿತಿ ಕಳೆದು 18,600ಕ್ಕೆ ಕೊಡುವುದಾಗಿ ಹೇಳುತ್ತಾರೆ. ಅದೇ ಅಳತೆಯದನ್ನು ಮಗ ಮೊಬೈಲಿನಲ್ಲಿ 11,000ಕ್ಕೆ ತೋರಿಸುತ್ತಾನೆ. ಎರಡರ ಮೇಲೂ ‘ಆರ್ಥೋಪೆಡಿಕ್’ ಎಂದು ಬರೆದಿದೆ. ನನಗೆ ಸೊಂಟನೋವು ಇದೆ. 15,000ದೊಳಗೆ ಮುಗಿಸಬೇಕೆಂದು ನಮ್ಮ ಲೆಕ್ಕ. ಯಾವುದನ್ನು ಕೊಳ್ಳುವುದು ಲಾಭ?
– ಓದುಗರೊಬ್ಬರು, ತುಮಕೂರು

ಉತ್ತರ: ಬೆಲೆ, ಅಳತೆ, ರಿಯಾಯಿತಿ ಎಲ್ಲವನ್ನೂ ಬರೆದಿದ್ದೀರಿ. ಹಾಸಿಗೆಯ ಒಳಗೆ ಏನು ತುಂಬಿದ್ದಾರೆ ಎಂಬುದೊಂದು ಮಾತ್ರ ನಿಮ್ಮ ಪತ್ರದಲ್ಲಿಲ್ಲ. ಅದು ಗೊತ್ತಾಗುವವರೆಗೆ 18,600 ಹೆಚ್ಚೋ 11,000 ಕಡಿಮೆಯೋ ಎಂದು ಯಾರೂ ಹೇಳಲಾರರು.

ಮೊದಲು ಆ ಶೇಕಡಾ 40ನ್ನು ಬದಿಗಿಡೋಣ. ಎಂಆರ್‌ಪಿ ಎಂಬುದು ತಯಾರಕರು ತಾವೇ ನಿಗದಿ ಮಾಡಿಕೊಳ್ಳುವ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ. ಅದಕ್ಕಿಂತ ಹೆಚ್ಚಿಗೆ ಮಾರಬಾರದು ಎಂದು ಕಾನೂನು ಹೇಳುತ್ತದೆಯೇ ಹೊರತು ಅದನ್ನು ಎಷ್ಟು ಎತ್ತರದಲ್ಲಿ ಇಡಬೇಕು ಎಂಬುದಕ್ಕೆ ತಲೆ ಹಾಕುವುದಿಲ್ಲ. ಹಾಸಿಗೆ ವ್ಯಾಪಾರದಲ್ಲಿ ಈ ಸ್ವಾತಂತ್ರ್ಯವನ್ನು ಧಾರಾಳವಾಗಿಯೇ ಬಳಸಿಕೊಳ್ಳುತ್ತಾರೆ. ಯುಗಾದಿಗೂ ಶೇಕಡಾ 40, ದಸರೆಗೂ ಶೇಕಡಾ 40, ನಡುವಿನ ಆಷಾಢಕ್ಕೂ ಶೇಕಡಾ 40 ಎಂದಾದರೆ 18,600 ರೂಪಾಯಿಯೇ ಆ ಹಾಸಿಗೆಯ ಬೆಲೆ, 31,000 ಎಂಬುದು ಬರೀ ಅಲಂಕಾರ. ಅಂತರ್ಜಾಲದ ಅಂಗಡಿಗಳಲ್ಲಿ ಇದೇ ಆಟ ಇಳಿಕೆಯ ಗಡಿಯಾರದ ರೂಪದಲ್ಲಿ ಬರುತ್ತದೆ. ‘ಇನ್ನು ಎರಡೇ ಉಳಿದಿವೆ’, ‘ಒಂದು ಗಂಟೆಯಲ್ಲಿ ಕೊಡುಗೆ ಮುಗಿಯುತ್ತದೆ’ ಎಂದು ಸುಳ್ಳು ಅವಸರ ಹುಟ್ಟಿಸುವುದನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ. ಆದರೂ ಕಾಣಿಸಿಕೊಂಡರೆ ಒಂದು ವಾರ ಸುಮ್ಮನಿದ್ದು ಅದೇ ಪುಟವನ್ನು ಮತ್ತೆ ತೆರೆದು ನೋಡಲು ಮಗನಿಗೆ ಹೇಳಿ.

ಇನ್ನು ಒಳಗಿನ ಮಾತು. ಪೇಟೆಯಲ್ಲಿ ಹೆಚ್ಚಾಗಿ ಸಿಗುವ ಹಾಸಿಗೆಗಳಲ್ಲಿ ಇರುವುದು ರಬ್ಬರ್ ಹಾಲು ಹಾಕಿ ಹದಗೊಳಿಸಿದ ತೆಂಗಿನ ನಾರು, ಸಾಧಾರಣ ಪಿಯು (ಪಾಲಿಯುರೆಥೇನ್) ಫೋಮ್, ರೀಬಾಂಡೆಡ್ ಫೋಮ್, ಮೈಭಾರಕ್ಕೆ ತಗ್ಗಿ ನಿಧಾನವಾಗಿ ಮೇಲೇಳುವ ಮೆಮೊರಿ ಫೋಮ್, ರಬ್ಬರಿನಂತೆ ಪುಟಿಯುವ ಲೇಟೆಕ್ಸ್, ಸ್ಪ್ರಿಂಗ್ – ಇವುಗಳಲ್ಲಿ ಒಂದು, ಅಥವಾ ಎರಡು ಮೂರರ ಪದರ. ರೀಬಾಂಡೆಡ್ ಎಂದರೆ ಫೋಮ್ ಕಾರ್ಖಾನೆಯ ಕತ್ತರಿಕೆಗಳನ್ನು ಚೂರು ಮಾಡಿ, ಕಡಲೆಮಿಠಾಯಿಯಂತೆ ಅಂಟು ಹಾಕಿ ಒತ್ತಿದ ಗಟ್ಟಿ ಹಲಗೆ. ಹಸಿರು, ಗುಲಾಬಿ, ಹಳದಿ ಚೂರುಗಳು ಬರಿಗಣ್ಣಿಗೇ ಕಾಣುತ್ತವೆ. ಅದು ಕೆಟ್ಟದ್ದೇನೂ ಅಲ್ಲ, ಗಟ್ಟಿಯಾಗಿ ಬಾಳಿಕೆ ಬರುತ್ತದೆ, ಆದರೆ ಅಗ್ಗದ ಸರಕು. ಅದರ ಮೇಲೆ ಒಂದೇ ಇಂಚು ಮೆಮೊರಿ ಫೋಮ್ ಹಾಸಿ ಇಡೀ ಹಾಸಿಗೆಯನ್ನು ‘ಮೆಮೊರಿ ಫೋಮ್’ ಎಂಬ ಹೆಸರಿನಲ್ಲಿ ಮಾರಿದಾಗ ತಕರಾರು ಹುಟ್ಟುತ್ತದೆ. ಆದ್ದರಿಂದ ಅಂಗಡಿಯವರನ್ನು ‘ಮೇಲಿನಿಂದ ಕೆಳಕ್ಕೆ ಯಾವ ಪದರ ಎಷ್ಟು ಇಂಚು, ಪ್ರತಿಯೊಂದರ ಡೆನ್ಸಿಟಿ ಎಷ್ಟು’ ಎಂದು ಕೇಳಿ, ಉತ್ತರವನ್ನು ಬಿಲ್ಲಿನ ಮೇಲೆ ಬರೆದುಕೊಡಲು ಹೇಳಿ. ಒಳಭಾಗ ತೋರಿಸುವ ತುಂಡು ಮಾದರಿಗಳು ಸಾಮಾನ್ಯವಾಗಿ ಅಂಗಡಿಯಲ್ಲಿ ಇರುತ್ತವೆ. ಕೇಳಿದವರಿಗೆ ಮಾತ್ರ ಹೊರಗೆ ತೆಗೆಯುತ್ತಾರೆ.

ಡೆನ್ಸಿಟಿ ಎಂದರೆ ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಎಂಬ ಲೆಕ್ಕ. ‘32 ಡೆನ್ಸಿಟಿ’, ‘40 ಡೆನ್ಸಿಟಿ’ ಎಂದು ವ್ಯಾಪಾರಿಗಳು ಹೇಳುವುದು ಇದನ್ನೇ. ಕೈಯಿಂದ ಅದುಮಿದಾಗ ಸಿಗುವ ಗಟ್ಟಿತನಕ್ಕೂ ಇದಕ್ಕೂ ನೇರ ಸಂಬಂಧವಿಲ್ಲ; ಹಗುರ ಫೋಮನ್ನೂ ಗಟ್ಟಿಯಾಗಿ ತಯಾರಿಸಬಹುದು, ಆದರೆ ಅದು ಬೇಗ ಕುಸಿಯುತ್ತದೆ. ಇದನ್ನು ಪರೀಕ್ಷಿಸಲು ತಕ್ಕಡಿಯೊಂದು ಸಾಕು. ನಿಮ್ಮ ಅಳತೆಯಾದ 78 ಇಂಚು, 60 ಇಂಚು, 6 ಇಂಚುಗಳನ್ನು ಗುಣಿಸಿದರೆ ಸುಮಾರು 0.46 ಘನ ಮೀಟರ್ ಆಗುತ್ತದೆ. ಪೂರ್ತಿ 32 ಡೆನ್ಸಿಟಿಯ ಫೋಮ್ ಆಗಿದ್ದರೆ ಅದು 14.7 ಕಿಲೋ, 40 ಡೆನ್ಸಿಟಿ ಆಗಿದ್ದರೆ 18.4 ಕಿಲೋ ತೂಗಬೇಕು, ಹೊದಿಕೆಯ ಭಾರ ಬೇರೆ. 40 ಎಂದು ಹೇಳಿಕೊಂಡ ಹಾಸಿಗೆ ಹೊದಿಕೆ ಸಮೇತ 13 ಕಿಲೋ ತೂಗಿದರೆ ಮುಂದೆ ಮಾತು ಬೆಳೆಸುವ ಅಗತ್ಯವಿಲ್ಲ. ಅಂತರ್ಜಾಲದಲ್ಲಿ ತೂಕವನ್ನು ಸರಕಿನ ವಿವರಗಳ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಕೊಟ್ಟಿರುವುದುಂಟು, ಮಗ ತೋರಿಸಿದ್ದರಲ್ಲಿ ಮೊದಲು ಅದನ್ನೇ ಹುಡುಕಿ.

‘ಆರ್ಥೋಪೆಡಿಕ್’ ಎಂಬ ಪದಕ್ಕೆ ಹೆಚ್ಚು ಬೆಲೆ ಕೊಡಬೇಡಿ. ಮೂಳೆ ವೈದ್ಯರು ಪರೀಕ್ಷಿಸಿ ಒಪ್ಪಿದ ಹಾಸಿಗೆ ಎಂಬುದು ಅದರ ಅರ್ಥವಲ್ಲ. ಗಟ್ಟಿಯಾಗಿ ಕಾಣುವ ಯಾವುದಕ್ಕೂ ಆ ಚೀಟಿ ಅಂಟಿಸುತ್ತಾರೆ. ಸೊಂಟನೋವಿಗೆ ಹಲಗೆಯಷ್ಟು ಗಟ್ಟಿಯಾದುದೇ ಒಳ್ಳೆಯದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಸ್ಪೇನ್ ದೇಶದಲ್ಲಿ ಬಹುಕಾಲದ ಸೊಂಟನೋವಿದ್ದ 313 ಮಂದಿಯ ಮೇಲೆ ನಡೆದು, 2003ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 90 ದಿನಗಳ ನಂತರ ನೋಡಿದಾಗ, ಬಹಳ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯ ಹಾಸಿಗೆಯಲ್ಲಿ ಮಲಗಿದವರಿಗೇ ಹೆಚ್ಚು ಉಪಶಮನ ಸಿಕ್ಕಿತ್ತು. ಅಂಗಡಿಗೆ ಹೋದಾಗ ಸಂಕೋಚಪಡದೆ ಚಪ್ಪಲಿ ಕಳಚಿ ಹತ್ತು ಹದಿನೈದು ನಿಮಿಷ ಮಲಗಿ. ಅಂಗಾತ ಮಲಗಿದಾಗ ನಿಮ್ಮ ಸೊಂಟದ ಕೆಳಗೆ ಮನೆಯವರ ಅಂಗೈ ಸರಾಗವಾಗಿ ತೂರಿ ಆಚೆ ಹೋದರೆ ಹಾಸಿಗೆ ನಿಮಗೆ ಗಟ್ಟಿಯಾಯಿತು. ಕೈ ತೂರದೆ ಪೃಷ್ಠ ಹಳ್ಳಕ್ಕಿಳಿದಂತಾದರೆ ಮೆತ್ತಗಾಯಿತು. ನಾನು ಹೀಗೆ ಮಲಗಿದ್ದಾಗ ಅಂಗಡಿಯ ಹುಡುಗ ನಿದ್ದೆ ಹೋದೆನೆಂದು ತಿಳಿದು ಫ್ಯಾನ್ ಹಾಕಿದ್ದನು. ಅದನ್ನೂ ಸೇವೆ ಎಂದೇ ತಿಳಿಯಬೇಕು.

ಈಗ ಚೌಕಾಸಿಗೆ ಬನ್ನಿ. ಅಂಗಡಿಯ ಹಾಸಿಗೆಯ ಪದರಗಳು ನಿಮಗೆ ಒಪ್ಪಿಗೆಯಾದರೆ ಅದನ್ನೇ ಐದು ಇಂಚಿನಲ್ಲಿ ಕೇಳಿ. ಹಗುರ ಫೋಮಿನ ಎಂಟು ಇಂಚಿಗಿಂತ ದಟ್ಟ ಫೋಮಿನ ಐದು ಇಂಚು ಎಷ್ಟೋ ಮೇಲು, ಬೆಲೆಯೂ ಇಳಿಯುತ್ತದೆ. ಒಳಗೆ ಇವೇ ಪದರಗಳಿದ್ದು ಹೊದಿಕೆಯ ಬಟ್ಟೆ ಮಾತ್ರ ಸಾದಾ ಆಗಿರುವ ಮಾದರಿ ಇದೆಯೇ ಎಂದೂ ವಿಚಾರಿಸಿ. ಒಂದೇ ಸರಕಿಗೆ ಅಂಗಡಿಗೊಂದು ಹೆಸರಿಟ್ಟು ಹೋಲಿಕೆಯನ್ನೇ ಕಷ್ಟ ಮಾಡುವುದು ಈ ವ್ಯಾಪಾರದ ಹಳೆಯ ಜಾಣತನ. ಇನ್ನು ರೂಪಾಯಿ ಇಳಿಸುವುದಿಲ್ಲ ಎಂದಾಗ ಸಾಗಾಟ, ಮಹಡಿಗೆ ಏರಿಸುವ ಕೂಲಿ, ಎರಡು ದಿಂಬುಗಳನ್ನು ಆ ಬೆಲೆಯಲ್ಲೇ ಸೇರಿಸಲು ಕೇಳುವುದು ಸುಲಭ.

ಅಂತರ್ಜಾಲದ್ದು ಕನಿಷ್ಠ 32 ಡೆನ್ಸಿಟಿಯದೆಂದು ತೂಕದಿಂದ ಖಾತ್ರಿಯಾಗಿ, ಮಲಗಿ ನೋಡಿ ಹಿಂದಿರುಗಿಸುವ ಅವಕಾಶವೂ ಇದ್ದರೆ, ನಿಮ್ಮ ಸ್ಥಿತಿಯಲ್ಲಿ ನಾನು ಅದನ್ನೇ ಮೊದಲು ತರಿಸುತ್ತಿದ್ದೆ. ‘100 ರಾತ್ರಿ’ ಎಂಬ ಭರವಸೆಯ ಷರತ್ತುಗಳನ್ನು ಮಾತ್ರ ಮುಂಚೆಯೇ ಓದಿಕೊಳ್ಳಿ: ನಿಮ್ಮ ಪಿನ್‌ಕೋಡಿಗೆ ಬಂದು ವಾಪಸು ಒಯ್ಯುತ್ತಾರೆಯೇ, ಹೇಳಿ ಮಾಡಿಸಿದ ಅಳತೆಗೂ ಅದು ಅನ್ವಯಿಸುತ್ತದೆಯೇ, ಹಣ ಖಾತೆಗೆ ಬರುತ್ತದೆಯೋ ಅಥವಾ ಬೇರೆ ಸರಕು ಕೊಳ್ಳುವ ಕೂಪನ್ ಆಗಿಯೋ. ಸುತ್ತಿ ಬರುವ ಹಾಸಿಗೆಯನ್ನು ಬಿಚ್ಚಿದ ಮೇಲೆ ಒಂದೆರಡು ದಿನ ಉಬ್ಬಲು ಬಿಟ್ಟು, ಅನಂತರ ಇಂಚುಪಟ್ಟಿ ಹಿಡಿದು ದಪ್ಪ ಅಳೆಯಿರಿ. ಬಿಚ್ಚುವ ಮೊದಲ ದಿನದಿಂದಲೇ ಹೊದಿಕೆಗೆ ಕಲೆಯಾಗದಂತೆ ಮೇಲೊಂದು ದಪ್ಪ ಬಟ್ಟೆ ಹಾಸಿ, ಏಕೆಂದರೆ ಕಾಫಿ ಚೆಲ್ಲಿದ ಹಾಸಿಗೆಯನ್ನು ಯಾರೂ ವಾಪಸು ತೆಗೆದುಕೊಳ್ಳುವುದಿಲ್ಲ.

ಒಂದು ಸಣ್ಣ ವಿಷಯ: ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಕೊಳ್ಳುವ ದಿನ ನಡೆಯುವುದಿಲ್ಲ, ಅಂದು ಕಾಲು ಅಳೆದೇ ಹಾಸಿಗೆ ಆರಿಸಬೇಕು. ಆರಡಿಯ ಮಂಚಕ್ಕೆ 72 ಇಂಚಿನದು, ಆರೂವರೆ ಅಡಿಗೆ 78 ಇಂಚಿನದು; ಮಂಚದ ಹೊರ ಅಂಚನ್ನಲ್ಲ, ಹಾಸಿಗೆ ಕೂರುವ ಒಳ ಅಂಚನ್ನು ಅಳೆಯಿರಿ.

ಪ್ರಶ್ನೆ: ಅತ್ತೆಯವರ ಕಾಲದ ಎರಡು ಹತ್ತಿ ಗಾದಿಗಳು ಗಂಟುಗಂಟಾಗಿವೆ. ಅವನ್ನು ಕೊಟ್ಟರೆ ಹೊಸ ಹಾಸಿಗೆಯಲ್ಲಿ 1,500 ರೂಪಾಯಿ ಕಡಿಮೆ ಮಾಡುತ್ತಾರಂತೆ. ಕೊಟ್ಟುಬಿಡಲೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಹಳೆಯದರ ಮಾತೆತ್ತದೆ ಮೊದಲು ಹೊಸದರ ಕಡೆಯ ಬೆಲೆ ಮಾತಾಡಿ ಮುಗಿಸಿ. ಆ ಮೇಲೆ ಗಾದಿಯ ವಿಷಯ ತೆಗೆದರೆ 1,500 ನಿಜಕ್ಕೂ ಇಳಿಯುತ್ತದೆಯೋ ಅಥವಾ ‘ಅದನ್ನು ಸೇರಿಸಿಯೇ ಹೇಳಿದ್ದೆ’ ಎನ್ನುತ್ತಾರೋ ತಿಳಿಯುತ್ತದೆ. ನನ್ನ ಅನುಭವದಲ್ಲಿ ಎರಡನೆಯ ಮಾತೇ ಹೆಚ್ಚು.

ಹತ್ತಿ ಚೆನ್ನಾಗಿದ್ದರೆ ಗಾದಿಗಳನ್ನು ಕೊಡಬೇಡಿ ಎಂದೇ ಹೇಳುತ್ತೇನೆ. ಫೋಮ್ ಕುಸಿದ ಮೇಲೆ ಎಸೆಯುವುದೇ ಗತಿ, ಹತ್ತಿಯನ್ನು ಮತ್ತೆ ಹಿಂಜಿಸಬಹುದು. ನದಾಫ ಪಿಂಜಾರರು ಬಿಲ್ಲಿನ ತಂತಿಗೆ ಕೊಡತಿಯಿಂದ ಹೊಡೆದು ಅರಳೆ ಹಾರಿಸುತ್ತಿದ್ದ ಕೆಲಸವನ್ನು ಈಗ ಬಹುಪಾಲು ಯಂತ್ರ ಮಾಡುತ್ತದೆ. ನಿಮ್ಮ ಊರಿನ ಗಾದಿ ಕಾರ್ಖಾನೆಯಲ್ಲಿ ಹತ್ತಿಯನ್ನು ಬಿಚ್ಚಿದ ಕೂಡಲೇ ತೂಗಿಸಿ, ಹಿಂಜಿದ ಮೇಲೆ ಮತ್ತೆ ತೂಗಿಸಿ. ಧೂಳು, ಕಸ ಹೋಗಿ ತೂಕ ಸ್ವಲ್ಪ ಇಳಿಯುವುದು ಸಹಜ. ಆದರೆ ನಿಮ್ಮ ಹಳೆಯ ಒಳ್ಳೆಯ ಹತ್ತಿಯ ಜಾಗದಲ್ಲಿ ಬಟ್ಟೆ ಗಿರಣಿಯ ಚಿಂದಿ ಬಂದು ಕೂರದಂತೆ ಅಷ್ಟು ಹೊತ್ತು ಅಲ್ಲಿಯೇ ನಿಂತಿರುವುದು ಒಳ್ಳೆಯದು. ಎರಡು ಗಾದಿಯ ಹತ್ತಿ ಸೇರಿಸಿ, ಹೊಸ ಬಟ್ಟೆ ಹಾಕಿಸಿ, ನಡುನಡುವೆ ಒತ್ತಾಗಿ ಟಾಕಿ ಹಾಕಿಸಿದರೆ ದಪ್ಪನೆಯದೊಂದು ಗಾದಿ ಎದ್ದು ನಿಲ್ಲುತ್ತದೆ. ಬಿಸಿಲಿನ ಊರಿನಲ್ಲಿ ಅದು ಮೆಮೊರಿ ಫೋಮಿಗಿಂತ ತಂಪು, ಏಕೆಂದರೆ ಆ ಫೋಮ್ ಮೈಯ ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ.

ಪ್ರಶ್ನೆ: ಮಳೆಗಾಲದ ಒದ್ದೆಗೆ ನಾರಿನ ಹಾಸಿಗೆ ಒಳ್ಳೆಯದೋ ಫೋಮೋ? ಕರ್ಲಾನ್, ಸ್ಲೀಪ್‌ವೆಲ್ ಎರಡರ ಅಂಗಡಿಯಲ್ಲೂ ಬೆಲೆ ಕೇಳಿ ಒಂದನ್ನೊಂದಕ್ಕೆ ತೋರಿಸಿ ಚೌಕಾಸಿ ಮಾಡಬಹುದೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಧಾರಾಳವಾಗಿ ಮಾಡಿ, ಅಂಗಡಿಯವರು ತಮ್ಮ ಪಾಲಿನ ಲಾಭದಲ್ಲಿ ಇಳಿಸಬಹುದು. ಆದರೆ ಸ್ಲೀಪ್‌ವೆಲ್ ತಯಾರಿಸುವ ಶೀಲಾ ಫೋಮ್ ಕಂಪನಿಯೇ 2023ರಲ್ಲಿ ಕರ್ಲಾನನ್ನೂ ಕೊಂಡಿರುವುದರಿಂದ ಎರಡು ಕಂಪನಿಗಳನ್ನು ಕಾದಾಡಿಸಿದಂತೆ ಆಗುವುದಿಲ್ಲ. ಮೂರನೆಯ ತಯಾರಕರ ಬೆಲೆಯೊಂದನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿ.

ನಾರಿನ ಹಾಸಿಗೆಯೊಳಗೆ ಗಾಳಿಯಾಡುವುದರಿಂದ ಕರಾವಳಿಗೆ ಅದು ಹೊಂದುತ್ತದೆ. ಆದರೆ ಮಂಚಕ್ಕೆ ಪೂರ್ತಿ ಪ್ಲೈವುಡ್ ಹಲಗೆ ಬಡಿದು ಅದರ ಮೇಲೆ ಹಾಕಿದರೆ ಯಾವ ಹಾಸಿಗೆಯ ತಳಕ್ಕೂ ಬೂಸಲು ಬರುತ್ತದೆ. ಹಲಗೆಗೆ ರಂಧ್ರ ಕೊರೆಸಿ, ಅಥವಾ ಪಟ್ಟಿಗಳ ನಡುವೆ ಸಂದು ಬಿಡಿಸಿ. ಜೋರು ಮಳೆಯ ಆಟಿ ತಿಂಗಳಲ್ಲಿ ವಾರಕ್ಕೊಮ್ಮೆ ಗೋಡೆಗೆ ಒರಗಿಸಿ ಫ್ಯಾನ್ ಗಾಳಿ ತಾಗಿಸಿ. ಫೋಮ್ ಮತ್ತು ಲೇಟೆಕ್ಸನ್ನು ಮಾತ್ರ ಹತ್ತಿ ಹಾಸಿಗೆಯಂತೆ ಬಿಸಿಲಿಗೆ ಹಾಕಬಾರದು.

ಪ್ರಶ್ನೆ: ಹತ್ತು ವರ್ಷದ ವಾರಂಟಿ ಇದ್ದ ಹಾಸಿಗೆ ಹದಿನಾಲ್ಕೇ ತಿಂಗಳಲ್ಲಿ ನಡುವೆ ಕುಸಿದಿದೆ. ‘ನಿಗದಿತ ಆಳಕ್ಕಿಂತ ಕಡಿಮೆ ಇದೆ’ ಎಂದು ಮಾರಿದವರು ಕೈ ತೊಳೆದುಕೊಂಡಿದ್ದಾರೆ. ಏನು ಮಾಡಲಿ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಹಾಸಿಗೆಯ ವಾರಂಟಿಯಲ್ಲಿ ಎಷ್ಟು ಆಳದ ತಗ್ಗು ಬಿದ್ದರೆ ಬದಲಾಯಿಸಿಕೊಡುತ್ತಾರೆ ಎಂಬ ಅಳತೆ ಇರುತ್ತದೆ; ಸಾಮಾನ್ಯವಾಗಿ ಒಂದು ಇಂಚು ಅಥವಾ ಒಂದೂವರೆ ಇಂಚು. ನಿಮ್ಮ ವಾರಂಟಿ ಚೀಟಿಯಲ್ಲಿ ಅದು ಎಷ್ಟಿದೆ ನೋಡಿಕೊಳ್ಳಿ. ಅನಂತರ ಹಾಸಿಗೆಯ ಮೇಲೆ ಯಾರೂ ಇಲ್ಲದಿರುವಾಗ ಈ ಅಂಚಿನಿಂದ ಆ ಅಂಚಿಗೆ ದಾರವನ್ನು ಬಿಗಿಯಾಗಿ ಎಳೆದು ಕಟ್ಟಿ, ನಡುವಿನ ತಗ್ಗಿನಲ್ಲಿ ಸ್ಕೇಲನ್ನು ನೆಟ್ಟಗೆ ನಿಲ್ಲಿಸಿ, ಅಂಕಿ ಸ್ಪಷ್ಟವಾಗಿ ಕಾಣುವಂತೆ ಫೋಟೋ ತೆಗೆಯಿರಿ. ಬಂದು ಪರೀಕ್ಷಿಸಿದವರು ಅಂಗೈಯಿಂದ ಅದುಮಿ ನೋಡಿ ಹೋಗಿದ್ದರೆ ಈ ಫೋಟೋವೇ ನಿಮ್ಮ ಬಲ. ಮಂಚದ ಹಲಗೆಯೂ ಬಾಗಿಲ್ಲ ಎಂದು ತೋರಿಸಲು ಹಾಸಿಗೆಯನ್ನು ನೆಲದ ಮೇಲೆ ಹಾಕಿ ಮತ್ತೊಮ್ಮೆ ಅಳೆಯುವುದು ಕ್ಷೇಮ, ಏಕೆಂದರೆ ತಪ್ಪನ್ನು ಮಂಚದ ಮೇಲೆ ಹೊರಿಸುವುದು ಅವರ ಮುಂದಿನ ವಾದವಾಗಿರುತ್ತದೆ.

ಆ ಫೋಟೋಗಳನ್ನು ಬಿಲ್ಲಿನ ಜೊತೆ ಇಮೇಲ್‌ನಲ್ಲಿ ಕಳುಹಿಸಿ, ಉತ್ತರಕ್ಕೆ ಹದಿನೈದು ದಿನ ಗಡುವು ಕೊಡಿ. ಫೋನಿನಲ್ಲಿ ಆಡಿದ ಮಾತಿಗೆ ಸಾಕ್ಷಿ ಇರುವುದಿಲ್ಲ. ಆಗಲೂ ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಎಷ್ಟೋ ವ್ಯಾಜ್ಯಗಳು ಈ ಹಂತದಲ್ಲೇ ಇತ್ಯರ್ಥವಾಗುತ್ತವೆ. ಇಲ್ಲದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾರಿದವರು ಯಾವ ಊರಿನಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ವಕೀಲರು ಕಡ್ಡಾಯವಲ್ಲ, ಕೊಟ್ಟ ಬೆಲೆ ಐದು ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವೂ ಇಲ್ಲ. ದೂರಿಗೆ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ಅಲ್ಲಿಯವರೆಗೆ ಹಾಸಿಗೆಯನ್ನು ಗುಜರಿಗೆ ಹಾಕಬೇಡಿ, ಅಂಚಿಗೆ ಹೊಲಿದಿರುವ ತಯಾರಿಕೆಯ ತಿಂಗಳು, ವರ್ಷದ ಚೀಟಿಯನ್ನು ಯಾರೂ ಕತ್ತರಿಸದಂತೆ ನೋಡಿಕೊಳ್ಳಿ.