ಸೆಕೆಂಡ್ ಹ್ಯಾಂಡ್ ಡಿಜೈರ್ ಡೀಸೆಲ್: 1.3 ಲೀಟರ್ ಟರ್ಬೊ ಎಂಜಿನ್ ನಂಬಬಹುದಾ?

ನಿಮ್ಮ ಪ್ರಶ್ನೆ ಇಷ್ಟು: 2014ರ ಸ್ವಿಫ್ಟ್ ಡಿಜೈರ್ ಡೀಸೆಲ್ ಒಂದು ಸಿಕ್ಕಿದೆ, 1.4 ಲಕ್ಷ ಕಿ.ಮೀ. ಓಡಿದೆ. ವಾರಕ್ಕೊಮ್ಮೆ ಹಾಸನದಿಂದ ಬೆಂಗಳೂರಿಗೆ ಹೋಗಿ ಬರಲು ತಗೋಬಹುದಾ, ಆ ಎಂಜಿನ್‌ಗೆ ಏನೇನು ತೊಂದರೆ ಬರುತ್ತದೆ?

ತಗೋಬಹುದು. ಆದರೆ ಮೀಟರ್‌ನಲ್ಲಿ ಕಾಣುವ ಕಿಲೋಮೀಟರ್ ನೋಡಿ ತೀರ್ಮಾನ ಮಾಡಬೇಡಿ. ಆಯಿಲ್ ಬದಲಾಯಿಸಿದ ಬಿಲ್ಲುಗಳನ್ನು ನೋಡಿ ತೀರ್ಮಾನ ಮಾಡಿ. ನಾನು ಪುತ್ತೂರಿನವನು. ಇದೇ ಎಂಜಿನ್ ಇರುವ 2012ರ ಸ್ವಿಫ್ಟ್ ನನ್ನ ಹತ್ತಿರ ಇದೆ. 2.3 ಲಕ್ಷ ಕಿ.ಮೀ. ದಾಟಿದೆ, ಎಂಜಿನ್ ಇನ್ನೂ ಬಿಚ್ಚಿಲ್ಲ. ಇದೇ ಎಂಜಿನ್ 80 ಸಾವಿರಕ್ಕೇ ಕೆಟ್ಟು ಗ್ಯಾರೇಜಿನಲ್ಲಿ ಬಿಚ್ಚಿ ಹಾಕಿದ್ದನ್ನೂ ನೋಡಿದ್ದೇನೆ. ಎರಡಕ್ಕೂ ಇರುವ ವ್ಯತ್ಯಾಸ ಆಯಿಲ್ ಮಾತ್ರ.

ಮೊದಲು ಈ ಎಂಜಿನ್ ಯಾವುದು ಅಂತ ಹೇಳುತ್ತೇನೆ. ಬಾನೆಟ್ ಮೇಲೆ ಮಾರುತಿ ಲಾಂಛನ ಇದ್ದರೂ ಒಳಗಿರುವುದು ಫಿಯೆಟ್ ಕಂಪನಿಯ 1.3 ಮಲ್ಟಿಜೆಟ್. 2003ರಲ್ಲಿ ಪೋಲೆಂಡಿನ ಬಿಯೆಲ್ಸ್ಕೊ-ಬಿಯಾವಾ ಊರಿನ ಕಾರ್ಖಾನೆಯಲ್ಲಿ ತಯಾರಾಗಲು ಶುರುವಾಯಿತು. 2005ರಲ್ಲಿ ಒಂದರಿಂದ 1.4 ಲೀಟರ್ ವಿಭಾಗದಲ್ಲಿ ವರ್ಷದ ಅಂತಾರಾಷ್ಟ್ರೀಯ ಎಂಜಿನ್ ಪ್ರಶಸ್ತಿ ಇದಕ್ಕೆ ಸಿಕ್ಕಿತು. ನಮ್ಮಲ್ಲಿ 2007ರಲ್ಲಿ ಸ್ವಿಫ್ಟ್ ಡೀಸೆಲ್ ಬಂದಾಗ ಮನೆಮಾತಾಯಿತು. ಮಾರುತಿಗೆ ಬೇಕಾದದ್ದನ್ನು ಹರಿಯಾಣದ ಮಾನೇಸರ್‌ನಲ್ಲಿ ಮಾಡುತ್ತಿದ್ದರು, ಫಿಯೆಟ್ ಪುಣೆ ಹತ್ತಿರದ ರಂಜನ್‌ಗಾಂವ್‌ನಲ್ಲಿ ಮಾಡುತ್ತಿತ್ತು. ಪುಂಟೊ, ಲೀನಿಯಾ, ಇಂಡಿಕಾ ವಿಸ್ತಾ, ಮಾನ್ಜಾ, ಜೆಸ್ಟ್, ಷೆವರ್ಲೆ ಸೇಲ್, ರಿಟ್ಜ್, ಎರ್ಟಿಗಾ, ಬ್ರೆಜಾ, ಎಲ್ಲದರಲ್ಲೂ ಇದೇ. ಅದಕ್ಕೇ ಇದನ್ನು 'ಭಾರತದ ರಾಷ್ಟ್ರೀಯ ಎಂಜಿನ್' ಅಂತ ಕರೆದರು. ನಿಮಗೆ ಇದರಿಂದ ಆಗುವ ಲಾಭ ದೊಡ್ಡದು. ಯಾವ ತಾಲ್ಲೂಕು ಕೇಂದ್ರಕ್ಕೆ ಹೋದರೂ ಈ ಎಂಜಿನ್ ಬಲ್ಲ ಮೆಕ್ಯಾನಿಕ್ ಸಿಗುತ್ತಾರೆ, ಸ್ಪೇರ್ ಸಿಗುತ್ತದೆ. 2020ರ ಏಪ್ರಿಲ್‌ನಲ್ಲಿ ಹೊಗೆ ಮಾಲಿನ್ಯದ ಬಿಎಸ್6 ನಿಯಮ ಬಂದಾಗ ಮಾರುತಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು.

ಅಳತೆಗೆ ಬಂದರೆ 1248 ಸಿಸಿ, ನಾಲ್ಕು ಸಿಲಿಂಡರ್, 16 ವಾಲ್ವ್. ನೀವು ನೋಡುತ್ತಿರುವ ಡಿಜೈರ್‌ನಲ್ಲಿ 4000 ಆರ್‌ಪಿಎಂಗೆ 75 ಪಿಎಸ್ ಶಕ್ತಿ, 2000 ಆರ್‌ಪಿಎಂಗೆ 190 ಎನ್‌ಎಂ ಟಾರ್ಕ್. ಎಲ್ಲ ಸಿಲಿಂಡರ್‌ಗೂ ಒಂದೇ ಕೊಳವೆಯಿಂದ ಡೀಸೆಲ್ ಕೊಡುವ ಕಾಮನ್ ರೈಲ್ ಪದ್ಧತಿಯಲ್ಲಿ ಸುಮಾರು 1600 ಬಾರ್ ಒತ್ತಡದಲ್ಲಿ ಡೀಸೆಲ್ ಸಿಂಪಡಿಸುತ್ತದೆ. ಹಳೆಯ ಡೀಸೆಲ್ ಎಂಜಿನ್‌ಗಳ ಹಾಗೆ ಒಂದೇ ಏಟಿಗೆ ಸುರಿಯುವುದಿಲ್ಲ. ಬಿಡಿಬಿಡಿಯಾಗಿ ಹಲವು ಸಲ ಚಿಮ್ಮಿಸುತ್ತದೆ. ಅದಕ್ಕೇ ಕಟಕಟ ಸದ್ದು ಕಮ್ಮಿ. ಇದೇ ಎಂಜಿನ್‌ನ 90 ಪಿಎಸ್ ರೂಪವೂ ಇದೆ, ಎಸ್‌ಎಕ್ಸ್4, ಎರ್ಟಿಗಾ, ಸಿಯಾಜ್‌ಗಳಲ್ಲಿ ಬಂತು. ಅದರ ಟರ್ಬೊದೊಳಗೆ, ಅಂದರೆ ಎಂಜಿನ್‌ಗೆ ಗಾಳಿ ಒತ್ತಿ ತುಂಬಿಸುವ ಭಾಗದೊಳಗೆ, ತಿರುಗಿ ಹೊಂದಿಕೊಳ್ಳುವ ರೆಕ್ಕೆಗಳಿರುತ್ತವೆ. ಮಸಿ ಕಟ್ಟಿದರೆ ಆ ರೆಕ್ಕೆಗಳು ಹಿಡಿದುಕೊಳ್ಳುತ್ತವೆ. ನಿಮ್ಮ 75 ಪಿಎಸ್‌ನದ್ದು ಸಾದಾ ಟರ್ಬೊ, ಆ ತಲೆನೋವು ಇಲ್ಲ. ಅದರ ಬದಲು 1800 ಆರ್‌ಪಿಎಂ ಕೆಳಗೆ ಗಾಡಿ ಸತ್ತ ಹಾಗಿರುತ್ತದೆ. ಇದು ರಿಪೇರಿ ಮಾಡುವಂಥ ದೋಷ ಅಲ್ಲ, ಟರ್ಬೊ ಲ್ಯಾಗ್, ಅಂದರೆ ಟರ್ಬೊ ವೇಗ ಹಿಡಿಯಲು ಆಗುವ ತಡ. ಗೇರ್ ಇಳಿಸಿ ಓಡಿಸುವುದು ಅಭ್ಯಾಸ ಆದರೆ ಸಾಕು.

ಈಗ ಮುಖ್ಯ ವಿಷಯ. ಈ ಎಂಜಿನ್‌ಗೆ ಹಿಡಿಯುವ ಆಯಿಲ್ ಬರೀ 3 ಲೀಟರ್ ಚಿಲ್ಲರೆ. ಅಷ್ಟರಲ್ಲೇ ಎಷ್ಟು ಕೆಲಸ ಆಗಬೇಕು ನೋಡಿ. ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸಲು ಇದರಲ್ಲಿ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ. 'ಚೈನ್ ಅಲ್ವಾ, ಜೀವಮಾನಕ್ಕೆ ಸಾಕು' ಅಂತ ಎಲ್ಲರೂ ಹೇಳುತ್ತಾರೆ. ಆದರೆ ಆ ಚೈನನ್ನು ಬಿಗಿಯಾಗಿ ಹಿಡಿದಿಡುವ ಟೆನ್ಷನರ್ ಕೆಲಸ ಮಾಡುವುದು ಆಯಿಲ್ ಒತ್ತಡದಿಂದ. ವಾಲ್ವ್‌ನ ಸಂದು ಸರಿಯಾಗಿಡುವ ಟ್ಯಾಪೆಟ್ ಕೂಡ ಆಯಿಲ್ ಒತ್ತಡದಿಂದಲೇ ತಾನಾಗಿ ಸರಿಹೊಂದುತ್ತದೆ. ಟರ್ಬೊದ ಶಾಫ್ಟ್ ನಿಮಿಷಕ್ಕೆ 2 ಲಕ್ಷದ ಆಸುಪಾಸು ಸುತ್ತುತ್ತದೆ, ಅದು ತೇಲುವುದೂ ತೆಳುವಾದ ಆಯಿಲ್ ಪದರದ ಮೇಲೆ. ಡೀಸೆಲ್ ಎಂಜಿನ್‌ನಲ್ಲಿ ಮಸಿ ಜಾಸ್ತಿ, ಆಯಿಲ್ ಬೇಗ ಕೊಳೆಯಾಗುತ್ತದೆ. 3 ಲೀಟರಿನಲ್ಲಿ ಒಂದು ಲೀಟರ್ ಕಮ್ಮಿಯಾಯಿತು ಅಂದರೆ ಮೂರನೇ ಒಂದು ಭಾಗ ಹೋಯಿತು. ಉಳಿದದ್ದೂ ಕೊಳೆ. ಆಗ ಟೆನ್ಷನರ್ ಬಿಗಿ ಕಳೆದುಕೊಳ್ಳುತ್ತದೆ, ಚೈನ್ ಸವೆದು ಉದ್ದವಾಗುತ್ತದೆ. ಅದು ಹಲ್ಲು ಹಾರಿತು ಅಥವಾ ತುಂಡಾಯಿತು ಅಂದರೆ ವಾಲ್ವ್‌ಗೆ ಪಿಸ್ಟನ್ ಬಡಿಯುತ್ತದೆ, ವಾಲ್ವ್ ಒತ್ತುವ ರಾಕರ್ ಆರ್ಮ್ ಮುರಿಯುತ್ತದೆ. ಮೊದಲು ಹೇಳಿದ 80 ಸಾವಿರದ ಗಾಡಿಯಲ್ಲಿ ಆದದ್ದು ಇದೇ. ಅದರ ಮಾಲೀಕರು 20 ಸಾವಿರ ಕಿ.ಮೀ.ಗೊಮ್ಮೆ ಆಯಿಲ್ ಬದಲಾಯಿಸುತ್ತಿದ್ದರು. ಮಧ್ಯದಲ್ಲಿ ಆಯಿಲ್ ಮಟ್ಟ ತೋರಿಸುವ ಡಿಪ್‌ಸ್ಟಿಕ್ ಎಳೆದು ನೋಡಿದವರೇ ಇಲ್ಲ.

ಹಾಗಾಗಿ ಗಾಡಿ ನೋಡಲು ಬೆಳಿಗ್ಗೆ ಬೇಗ ಹೋಗಿ. 'ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ' ಅಂತ ಮೊದಲೇ ಹೇಳಿಡಿ. ಬಾನೆಟ್ ಮೇಲೆ ಕೈ ಇಟ್ಟು ನೋಡಿ. ಬಿಸಿ ಇದ್ದರೆ ಮಾತಾಡದೆ ಇನ್ನೊಂದು ದಿನ ಹೋಗಿ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿದ ಮೊದಲ ಕ್ಷಣಗಳಲ್ಲಿ ಚೈನ್ ಇರುವ ಬದಿಯಿಂದ ಸರಪಳಿ ಎಳೆದಂಥ ಜರಜರ ಸದ್ದು ಬರುತ್ತದಾ ಕೇಳಿ. ಒಂದು ಕ್ಷಣ ಬಂದು ನಿಂತರೆ ಟೆನ್ಷನರ್‌ಗೆ ವಯಸ್ಸಾಗಿದೆ. ಬಿಸಿಯಾದ ಮೇಲೂ ನಿಲ್ಲದಿದ್ದರೆ ಚೈನ್ ಕಿಟ್ ಪೂರ್ತಿ ಬದಲಾಯಿಸಬೇಕು. ಆ ಖರ್ಚನ್ನು ಬೆಲೆಯಲ್ಲಿ ಕಳೆಯಲು ಒಪ್ಪದಿದ್ದರೆ ಆ ಗಾಡಿ ಬಿಡಿ. ಆಮೇಲೆ ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆಸಿ. ಸ್ವಲ್ಪ ಆವಿ ಬರುವುದು ಸಹಜ. ಬೀಡಿ ಹೊಗೆಯ ಹಾಗೆ ಪುಸುಪುಸು ಒತ್ತಿಕೊಂಡು ಬಂದರೆ ಪಿಸ್ಟನ್ ರಿಂಗ್ ಸವೆದಿದೆ, ಮುಂದೆ ಎಂಜಿನ್ ಬಿಚ್ಚಿ ಸಿಲಿಂಡರ್ ಸರಿಮಾಡುವ ಬೋರ್ ಕೆಲಸ ಕಾದಿದೆ.

ಟರ್ಬೊ ಬಗ್ಗೆ ನನಗಾದ ಅನುಭವ ಹೇಳಲೇಬೇಕು. ಮೂರು ವರ್ಷದ ಹಿಂದೆ ಬೆಂಗಳೂರಿಗೆ ಹೊರಟಿದ್ದೆ. ಗುಂಡ್ಯ ದಾಟಿ ಶಿರಾಡಿ ಘಾಟಿ ಏರುವಾಗ ಇದ್ದಕ್ಕಿದ್ದಂತೆ ಪಿಕಪ್ ಹೋಯಿತು. ಆಕ್ಸಿಲರೇಟರ್ ಒತ್ತಿದರೆ ಹಿಂದೆ ಕಪ್ಪು ಹೊಗೆ, ಮುಂದೆ ಸುಂಯ್ ಅನ್ನುವ ಸದ್ದು. ಎರಡನೇ ಗೇರಿನಲ್ಲೇ ಸಕಲೇಶಪುರ ಮುಟ್ಟಿದೆ. ಹೆಂಡತಿ, ಮಗಳು ಜೊತೆಗಿದ್ದರು, ನಿಜಕ್ಕೂ ಹೆದರಿದ್ದೆ. ಮೊದಲು ಹೋದ ಗ್ಯಾರೇಜಿನವರು ಬಾನೆಟ್ ಎತ್ತಿ ನೋಡಿ, 'ಟರ್ಬೊ ಹೋಗಿದೆ, ಹೊಸದೇ ಹಾಕಬೇಕು' ಅಂದರು. ನನಗೆ ಸಮಾಧಾನ ಆಗಲಿಲ್ಲ. ಹತ್ತಿರದಲ್ಲೇ ಇನ್ನೊಬ್ಬ ಹಿರಿಯ ಮೆಕ್ಯಾನಿಕ್ ಇದ್ದರು. ಅವರು ಎಂಜಿನ್ ರೇಸ್ ಮಾಡಲು ಹೇಳಿ, ಟರ್ಬೊದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ಗೆ ಹೋಗುವ ರಬ್ಬರ್ ಹೋಸನ್ನು ಕೈಯಲ್ಲಿ ತಡವಿದರು. ಅಡಿಭಾಗದಲ್ಲಿ ಹೆಬ್ಬೆರಳಿನಷ್ಟು ಸೀಳಿತ್ತು. ಟರ್ಬೊ ತುಂಬಿಸಿದ ಗಾಳಿಯೆಲ್ಲ ಅಲ್ಲೇ ಸೋರಿಹೋಗುತ್ತಿತ್ತು. ಗಾಳಿ ಕಮ್ಮಿ, ಡೀಸೆಲ್ ಜಾಸ್ತಿ, ಅದಕ್ಕೇ ಕಪ್ಪು ಹೊಗೆ. ಹೋಸ್, ಕೂಲಿ ಎರಡೂ ಸೇರಿ ಎರಡು ಸಾವಿರದ ಒಳಗೆ ಮುಗಿಯಿತು.

ನಿಜವಾಗಿ ಟರ್ಬೊ ಹೋದ ಗಾಡಿ ಬೇರೆ ಥರ ಇರುತ್ತದೆ. ಹೊಗೆ ನೀಲಿ ಬಣ್ಣಕ್ಕಿರುತ್ತದೆ, ಆಯಿಲ್ ಬೇಗ ಕಮ್ಮಿಯಾಗುತ್ತದೆ, ಹೋಸಿನೊಳಗೆ ಆಯಿಲ್ ನಿಂತಿರುತ್ತದೆ. ತೆಳ್ಳಗೆ ಸವರಿದಷ್ಟು ಆಯಿಲ್ ಎಲ್ಲ ಗಾಡಿಯಲ್ಲೂ ಇರುತ್ತದೆ, ಅದಕ್ಕೆ ಗಾಬರಿ ಬೇಡ. ಘಾಟಿ ಹತ್ತಿದ ಮೇಲೆ ಅಥವಾ ಹೈವೇಯಲ್ಲಿ ಜೋರಾಗಿ ಓಡಿಸಿದ ಮೇಲೆ ತಕ್ಷಣ ಆಫ್ ಮಾಡಬೇಡಿ. ಒಂದು ನಿಮಿಷ ಐಡಲ್‌ನಲ್ಲಿ ಬಿಡಿ. ಕಾದ ಟರ್ಬೊಗೆ ಆಯಿಲ್ ಹರಿಯುವುದು ನಿಂತರೆ ಒಳಗಿದ್ದದ್ದು ಅಲ್ಲೇ ಸುಟ್ಟು ಕರಕಲಾಗುತ್ತದೆ.

ಕಪ್ಪು ಹೊಗೆಗೆ ಇನ್ನೊಂದು ಕಾರಣ ಇಜಿಆರ್ ವಾಲ್ವ್. ಸುಟ್ಟ ಹೊಗೆಯಲ್ಲಿ ಸ್ವಲ್ಪ ಭಾಗವನ್ನು ಮತ್ತೆ ಎಂಜಿನ್‌ಗೆ ಬಿಡುವ ಬಾಗಿಲು ಅದು. ಸಿಲ್ಕ್ ಬೋರ್ಡ್ ಥರದ ಟ್ರಾಫಿಕ್‌ನಲ್ಲಿ ದಿನಾ ತೆವಳಿದ ಗಾಡಿಯಲ್ಲಿ ಮಸಿ ಕಟ್ಟಿ ಅರ್ಧ ತೆರೆದೇ ನಿಂತುಬಿಡುತ್ತದೆ. ಐಡಲ್ ಏರಿಳಿಯುತ್ತದೆ, ಪಿಕಪ್ ಮಂಕಾಗುತ್ತದೆ. ಬಿಚ್ಚಿ ಕ್ಲೀನ್ ಮಾಡಿದರೆ ಬಹುತೇಕ ಸರಿಯಾಗುತ್ತದೆ. ನಿಮ್ಮದು ಹೈವೇ ಓಡಾಟ, ಅಷ್ಟಾಗಿ ಕಾಡಲಾರದು. ಈ ಕಾಲದ ಡಿಜೈರ್‌ನಲ್ಲಿ ಹೊಗೆಯ ಮಸಿ ಹಿಡಿದು ಕಟ್ಟಿಕೊಳ್ಳುವ ಫಿಲ್ಟರ್, ಅಂದರೆ ಡಿಪಿಎಫ್ ಇಲ್ಲ, ಅದೂ ನಿಮಗೆ ಅನುಕೂಲವೇ.

ಡೀಸೆಲ್ ಫಿಲ್ಟರ್ ವಿಷಯದಲ್ಲಿ ಜಿಪುಣತನ ಬೇಡ. ಹೈ ಪ್ರೆಷರ್ ಪಂಪ್‌ಗೆ ಬೇರೆ ಆಯಿಲ್ ಇಲ್ಲ, ಡೀಸೆಲ್ಲೇ ಅದಕ್ಕೆ ಎಣ್ಣೆ. ನೀರು, ಕಸ ಒಳಗೆ ಹೋದರೆ ಪಂಪೂ ಸವೆಯುತ್ತದೆ, ಡೀಸೆಲ್ ಸಿಂಪಡಿಸುವ ಇಂಜೆಕ್ಟರೂ ಹಾಳು. ಫಿಲ್ಟರಿಗೆ ಆಗುವುದು ಕೆಲವು ನೂರು, ಇಂಜೆಕ್ಟರಿಗೆ ಸಾವಿರಗಟ್ಟಲೆ. ಸ್ಟಾರ್ಟ್ ಆಗಲು ತುಂಬಾ ಹೊತ್ತು ತಿರುಗಿಸಬೇಕಾದರೆ ಇಂಜೆಕ್ಟರ್‌ಗಳಿಂದ ಎಷ್ಟು ಡೀಸೆಲ್ ಹಿಂದಕ್ಕೆ ಹೋಗುತ್ತಿದೆ ಅಂತ ಅಳತೆ ಮಾಡಿಸಿ. ಇಂಜೆಕ್ಟರ್ ಬುಡದಲ್ಲಿ ಡಾಂಬರಿನಂಥ ಕಪ್ಪು ಕಟ್ಟಿದ್ದರೆ ಅಲ್ಲಿನ ವಾಷರ್ ಸೋರುತ್ತಿದೆ.

ಕಂಪನಿ ಕಡೆಯಿಂದ ಆದ ತಪ್ಪೂ ಒಂದಿದೆ. 2010ರ ನವೆಂಬರ್–ಡಿಸೆಂಬರ್‌ನಲ್ಲಿ ತಯಾರಾದ ಕೆಲವು ಎಂಜಿನ್‌ಗಳ ಕನೆಕ್ಟಿಂಗ್ ರಾಡ್ ಬೋಲ್ಟ್‌ನಲ್ಲಿ ದೋಷ ಇರಬಹುದು ಅಂತ 2011ರಲ್ಲಿ ಮಾರುತಿ 13,157 ಡೀಸೆಲ್ ಕಾರುಗಳನ್ನು ವಾಪಸ್ ಕರೆಸಿತ್ತು. ನಿಮ್ಮದು 2014ರದ್ದು, ಅದಕ್ಕೆ ಸಂಬಂಧ ಇಲ್ಲ.

ಮೀಟರ್ ನಂಬಬೇಡಿ ಅಂದದ್ದಕ್ಕೆ ಕಾರಣ ಇದೆ. ಡಿಜೈರ್ ಡೀಸೆಲ್ ಅಂದರೆ ಟ್ಯಾಕ್ಸಿಯವರ ಮೊದಲ ಆಯ್ಕೆಯಾಗಿತ್ತು. ಟ್ಯಾಕ್ಸಿಯ ಹಳದಿ ಬೋರ್ಡಿನಲ್ಲಿ ಮೂರು ಲಕ್ಷ ಓಡಿ, ಆಮೇಲೆ ಸ್ವಂತ ಗಾಡಿಯ ಬಿಳಿ ಬೋರ್ಡ್ ಆಗಿ, ಮೀಟರ್ ತಿರುಗಿಸಿಕೊಂಡು ಮಾರಾಟಕ್ಕೆ ಬಂದ ಗಾಡಿಗಳು ಇವೆ. ಆರ್‌ಸಿಯ ಹಳೆಯ ವಿವರ ನೋಡಿ. ಸರ್ವಿಸ್ ದಾಖಲೆಯಲ್ಲಿ ವರ್ಷವಾರು ಕಿಲೋಮೀಟರ್ ತಾಳೆ ಹಾಕಿ. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗಳ ವಿರುದ್ಧ 2015ರಲ್ಲಿ ಹಸಿರು ನ್ಯಾಯಮಂಡಳಿ ಆದೇಶ ಕೊಟ್ಟ ಮೇಲೆ ಅಲ್ಲಿಂದಲೂ ಅಗ್ಗದ ಗಾಡಿಗಳು ಬೇರೆ ರಾಜ್ಯಗಳಿಗೆ ಬರುತ್ತವೆ. ಡಿಎಲ್ ನಂಬರಿನದ್ದಾದರೆ ಎನ್‌ಒಸಿ ತರಿಸಿ, ಇಲ್ಲಿನ ಲೈಫ್ ಟೈಮ್ ಟ್ಯಾಕ್ಸ್ ಕಟ್ಟುವ ಹೊತ್ತಿಗೆ ಆ ಅಗ್ಗ ಉಳಿಯುವುದಿಲ್ಲ.

ಮೈಲೇಜ್ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನನ್ನ ಸ್ವಿಫ್ಟ್ ಹೈವೇಯಲ್ಲಿ 80–90ರ ವೇಗದಲ್ಲಿ ಲೀಟರಿಗೆ 21–22 ಕೊಡುತ್ತದೆ, ಇವತ್ತಿಗೂ.

ಗಾಡಿ ತಗೊಂಡ ದಿನವೇ ಆಯಿಲ್, ಆಯಿಲ್ ಫಿಲ್ಟರ್, ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್ ನಾಲ್ಕನ್ನೂ ಬದಲಾಯಿಸಿ. ಹಿಂದಿನವರು ಹಾಕಿಸಿದ್ದೇವೆ ಅಂದರೂ ಬದಲಾಯಿಸಿ. ಆಯಿಲ್ ಗ್ರೇಡ್ ಮ್ಯಾನುಯಲ್‌ನಲ್ಲಿ ಇದ್ದದ್ದೇ ಇರಲಿ. ಕಂಪನಿ ಹೇಳುವುದು 10 ಸಾವಿರಕ್ಕೊಮ್ಮೆ, ನಾನು ಎಂಟು ಸಾವಿರಕ್ಕೇ ಹಾಕಿಸುತ್ತೇನೆ. ತಿಂಗಳಿಗೆ ಎರಡು ಸಲ ಬೆಳಿಗ್ಗೆ ಹೊರಡುವ ಮುಂಚೆ ಡಿಪ್‌ಸ್ಟಿಕ್ ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಹಾಕಿ ನೋಡಿ. ಆಯಿಲ್ ಕೆಳಗಿನ ಗುರುತಿಗೆ ಬಂದಿದ್ದರೆ ತುಂಬಿಸದೆ ಹಾಸನ ಬಿಡಬೇಡಿ.