ಗಂಟಿನ ಹತ್ತಿರದ ಅರ್ಧ ಅಡಿ: ಬಾಸ್ ಮೀನಿನ ಗಾಳದ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಹೋದ ತಿಂಗಳು ಲೇಕ್ ಫೋರ್ಕ್ ಸರೋವರದಲ್ಲಿ ಸುಮಾರು 20 ಇಂಚಿನ ಬಾಸ್ ಒಂದು ದೋಣಿಯ ಪಕ್ಕದವರೆಗೂ ಬಂದು ತಪ್ಪಿಸಿಕೊಂಡಿತು. ದಾರ 15 ಪೌಂಡಿನ ಎಳೆತ ತಾಳುವ ಹೊಸ ಫ್ಲೋರೋಕಾರ್ಬನ್ (ನೈಲಾನ್‌ಗಿಂತ ಬಿರುಸಾದ ಪ್ಲಾಸ್ಟಿಕ್ ದಾರ), ಹಾಕಿದ್ದು ಕ್ಲಿಂಚ್ ಗಂಟು. ತುದಿ ನೋಡಿದರೆ ಹಂದಿಯ ಬಾಲದ ಹಾಗೆ ಸುರುಳಿ ಸುತ್ತಿತ್ತು. 20 ಪೌಂಡಿನದಕ್ಕೆ ಬದಲಾಯಿಸಲಾ?
(ಪ್ಲೇನೋ, ಟೆಕ್ಸಸ್‌ನಿಂದ ಒಬ್ಬರು)

ಉತ್ತರ: ಬೇಡ ಸರ್. ನಿಮ್ಮ ದಾರ ಹರಿದಿಲ್ಲ, ಗಂಟು ಜಾರಿದೆ. ಮೀನು ಹೋದ ಮೇಲೆ ದಾರದ ತುದಿಯನ್ನು ಬೆಳಕಿಗೆ ಹಿಡಿದು ನೋಡುವ ಅಭ್ಯಾಸ ಒಳ್ಳೆಯದು, ನಿಮ್ಮ ಹಾಗೆ. ಸುರುಳಿ ಇದ್ದರೆ ಗಂಟು ಬಿಚ್ಚಿಕೊಂಡಿದೆ. ತರಿತರಿಯಾಗಿ ಬೆಳ್ಳಗಾಗಿದ್ದರೆ ದಾರ ಮರಕ್ಕೋ ಕಲ್ಲಿಗೋ ಉಜ್ಜಿದೆ. ಲೇಕ್ ಫೋರ್ಕ್ ತುಂಬ ಮುಳುಗಿ ನಿಂತ ಮರಗಳೇ ಅಲ್ವಾ, ಅಲ್ಲಿ ಇದು ಜಾಸ್ತಿ.

ನೀವು ಹಾಕಿದ್ದು ಕ್ಲಿಂಚ್ ಗಂಟು, ಅಂದರೆ ದಾರದ ತುದಿಯನ್ನು ದಾರಕ್ಕೇ ಕೆಲವು ಸುತ್ತು ಸುತ್ತಿ ಬಿಗಿಯುವ ಗಂಟು, ಅಂತ ಬರೆದಿದ್ದೀರಿ. ಅದು ಕೆಟ್ಟ ಗಂಟಲ್ಲ, ನೈಲಾನ್ ದಾರಕ್ಕೆ ಚೆನ್ನಾಗಿಯೇ ಕೂರುತ್ತದೆ. ಫ್ಲೋರೋಕಾರ್ಬನ್ ಬಿರುಸು. ಸುತ್ತುಗಳು ಒಂದರ ಪಕ್ಕ ಒಂದು ಕೂರದೇ ಹೋದರೆ ಎಳೆತಕ್ಕೆ ಜಾರುತ್ತದೆ. ನೀವು ಪಾಲೊಮಾರ್ ಅನ್ನುವ ಗಂಟು ಕಲಿಯಿರಿ. ದಾರವನ್ನು ಅರ್ಧ ಅಡಿಯಷ್ಟು ಮಡಿಸಿ, ಮಡಿಕೆಯ ತುದಿಯನ್ನು ಗಾಳದ ಕಣ್ಣಿನಲ್ಲಿ ತೂರಿಸಿ. ಆ ಜೋಡಿ ದಾರದಲ್ಲೇ ಒಂದು ಸಾದಾ ಗಂಟು ಹಾಕಿ, ಬಿಗಿಯಬೇಡಿ. ಗಾಳ ಕೆಳಗೆ ತೂಗಾಡುತ್ತಿರಲಿ. ಈಗ ಮಡಿಕೆಯ ಕುಣಿಕೆಯನ್ನು ಅಗಲ ಮಾಡಿ ಇಡೀ ಗಾಳವನ್ನು ಅದರೊಳಗಿಂದ ದಾಟಿಸಿ. ಗಂಟನ್ನು ಒದ್ದೆ ಮಾಡಿ. ಆಮೇಲೆ ದಾರದ ಎರಡೂ ಎಳೆ ಸೇರಿಸಿ ಹಿಡಿದು ನಿಧಾನವಾಗಿ ಎಳೆಯಿರಿ. ಜೋಡಿ ಎಳೆಗಳು ಒಂದರ ಮೇಲೊಂದು ಹತ್ತಿದ್ದರೆ ಕತ್ತರಿಸಿ ಹಾಕಿ, ಮತ್ತೆ ಕಟ್ಟಿ. ಗುಂಡಿನಾಕಾರದ ತೂಕ ಹಾಕುವವರು ಅದನ್ನು ಮೊದಲೇ ಪೋಣಿಸಿಕೊಳ್ಳಬೇಕು. ಗಂಟು ಬಿದ್ದ ಮೇಲೆ ನೆನಪಾದರೆ ಪ್ರಯೋಜನವಿಲ್ಲ.

ಒದ್ದೆ ಮಾಡುವುದನ್ನು ಮಾತ್ರ ಬಿಡಬೇಡಿ. ಒಣ ದಾರ ಬಿಗಿಯುವಾಗ ತನ್ನನ್ನು ತಾನೇ ಉಜ್ಜಿಕೊಂಡು ಬಿಸಿಯಾಗುತ್ತದೆ, ಅಲ್ಲೇ ಬಲ ಕಳೆದುಕೊಳ್ಳುತ್ತದೆ. ಸಕಲೇಶಪುರದಲ್ಲಿ ಹೇಮಾವತಿ ದಂಡೆಯ ಮೇಲೆ ನಮ್ಮಪ್ಪ ಬಿದಿರು ಕೋಲಿಗೆ ಗಾಳ ಕಟ್ಟುವಾಗ ಗಂಟನ್ನು ಬಾಯಿಗೆ ಹಾಕಿಕೊಂಡೇ ಬಿಗಿಯುತ್ತಿದ್ದರು. ಚಿಕ್ಕವಳಾಗಿ ನಾನು ಅದು ಅವರ ಚಾಳಿ ಅಂದುಕೊಂಡಿದ್ದೆ. ಅಮೆರಿಕಕ್ಕೆ ಬಂದ ಮೊದಲ ವರ್ಷ ಮಾರ್ಚ್ ಚಳಿಯಲ್ಲಿ ಅವಸರದಿಂದ ಒಣ ಗಂಟು ಬಿಗಿದು, ಅಷ್ಟು ಹೊತ್ತಿಗೆ ನಾನು ಕಂಡಿದ್ದರಲ್ಲೇ ದೊಡ್ಡ ಬಾಸನ್ನು ಕಳೆದುಕೊಂಡೆ. ಬಾಯಲ್ಲಿ ಗಾಳ ಸಿಕ್ಕಿಸಿಕೊಂಡೇ ಅದು ಹೋಯಿತು. ನನ್ನ ಬೇಜಾರು ಅದರದ್ದೇ. ನಿಮ್ಮ 20 ಇಂಚಿನ ಮೀನೂ ಹಾಗೇ ಹೋಗಿದೆ. ಲೇಕ್ ಫೋರ್ಕ್‌ನಲ್ಲಿ 16ರಿಂದ 24 ಇಂಚಿನ ಬಾಸನ್ನು ಹೇಗೂ ನೀರಿಗೆ ವಾಪಸ್ ಬಿಡಲೇಬೇಕು. ಗಾಳ ತೆಗೆದು ಬಿಡುವುದಕ್ಕಾದರೂ ಗಂಟು ಗಟ್ಟಿ ಇರಬೇಕು.

ಇನ್ನೊಂದು ಮಾತು. ಪ್ರತಿ ಮೀನಿನ ನಂತರ, ಮರಕ್ಕೆ ಸಿಕ್ಕಿ ಬಿಡಿಸಿದ ನಂತರ, ಗಂಟಿನ ಮೇಲಿನ ಅರ್ಧ ಅಡಿ ದಾರವನ್ನು ಎರಡು ಉಗುರಿನ ನಡುವೆ ಎಳೆದು ನೋಡಿ. ಸಣ್ಣ ತರಿ ಸಿಕ್ಕರೂ ಆ ತುಂಡು ಕತ್ತರಿಸಿ ಹೊಸದಾಗಿ ಕಟ್ಟಿ. ರೀಲಿನ ಡ್ರ್ಯಾಗನ್ನು, ಅಂದರೆ ಮೀನು ಜೋರಾಗಿ ಎಳೆದಾಗ ದಾರ ಬಿಟ್ಟುಕೊಡುವ ಬಿಗಿತವನ್ನು, ದಾರದ ಬಲದ ಕಾಲು ಭಾಗಕ್ಕೆ ಇಡಿ. 15 ಪೌಂಡಿನ ದಾರಕ್ಕೆ ನಾಲ್ಕು ಪೌಂಡಿನ ಎಳೆತಕ್ಕೆ ಬಿಟ್ಟುಕೊಡುವಂತೆ. ತೂಕದ ಕೊಕ್ಕೆಗೆ ಸಿಕ್ಕಿಸಿ ಎಳೆದರೆ ಗೊತ್ತಾಗುತ್ತದೆ.

ಪ್ರಶ್ನೆ: ನೈಲಾನ್, ಫ್ಲೋರೋಕಾರ್ಬನ್, ಬ್ರೇಡ್ (ಎಳೆ ಹೆಣೆದ ದಾರ) ಮೂರನ್ನೂ ಕೊಳ್ಳಬೇಕಾ? ಒಂದರಲ್ಲೇ ಆಗಲ್ವಾ?
(ಅಟ್ಲಾಂಟಾದಿಂದ)

ಉತ್ತರ: ಒಂದರಲ್ಲಿ ಶುರು ಮಾಡಬಹುದು, ನೈಲಾನ್‌ನಲ್ಲಿ. ಸ್ವಲ್ಪ ಹಿಗ್ಗುತ್ತದೆ, ಹಾಗಾಗಿ ನಮ್ಮ ತಪ್ಪುಗಳನ್ನು ಸಹಿಸಿಕೊಳ್ಳುತ್ತದೆ. ನೀರಿನ ಮೇಲೆ ಓಡಾಡಿಸುವ ನಕಲಿ ಎರೆಗೆ ಫ್ಲೋರೋಕಾರ್ಬನ್ ಹಾಕಬೇಡಿ. ಅದು ಮುಳುಗುವ ದಾರ, ಎರೆಯ ಮೂಗನ್ನು ಕೆಳಕ್ಕೆ ಎಳೆಯುತ್ತದೆ. ತಳದಲ್ಲಿ ಎಳೆದಾಡಿಸುವ ಪ್ಲಾಸ್ಟಿಕ್ ಹುಳಕ್ಕೆ ಅದೇ ಗುಣ ಬೇಕು. ಬ್ರೇಡ್ ಹಿಗ್ಗುವುದೇ ಇಲ್ಲ, ಜೊಂಡು, ಪಾಚಿಯನ್ನು ಕತ್ತರಿಸಿಕೊಂಡು ಬರುತ್ತದೆ. ಆದರೆ ನುಣುಪು ಜಾಸ್ತಿ. ಬರಿ ರೀಲಿನ ಮೇಲೆ ಸುತ್ತಿದರೆ ಇಡೀ ದಾರ ರೀಲಿನ ಮೇಲೆಯೇ ತಿರುಗುತ್ತದೆ. ಕೆಳಗೆ ಹತ್ತಿಪ್ಪತ್ತು ಸುತ್ತು ನೈಲಾನ್ ಹಾಕಿ, ಅದರ ಮೇಲೆ ಸುತ್ತಿ. ಬ್ರೇಡಿಗೆ ಕ್ಲಿಂಚ್ ಗಂಟು ಬೇಡವೇ ಬೇಡ, ಪಾಲೊಮಾರ್ ಸಾಕು. ತಿಳಿ ನೀರಿದ್ದರೆ ತುದಿಗೆ ಐದಾರು ಅಡಿ ಫ್ಲೋರೋಕಾರ್ಬನ್ ಸೇರಿಸಿ. ಎರಡನ್ನೂ ಜೋಡಿಸಲು ಡಬಲ್ ಯೂನಿ ಗಂಟು ಸುಲಭ. ಬ್ರೇಡ್ ಕಡೆ ಸುತ್ತು ಎಂಟು, ಇನ್ನೊಂದು ಕಡೆ ಐದು.

ಪ್ರಶ್ನೆ: ಸ್ಪಿನ್ನಿಂಗ್ ರೀಲಿನಿಂದ ಎಸೆದಾಗಲೆಲ್ಲ ದಾರ ಗುಂಗುರು ಗುಂಗುರಾಗಿ ಸಿಕ್ಕುಬೀಳುತ್ತದೆ.
(ಹ್ಯೂಸ್ಟನ್‌ನಿಂದ)

ಉತ್ತರ: ಎಸೆದ ಮೇಲೆ ರೀಲಿನ ಹಿಡಿ ತಿರುಗಿಸಿ ದಾರ ಹಿಡಿಯುವ ಬಾಗಿದ ಕಂಬಿಯನ್ನು ಮುಚ್ಚಬೇಡಿ, ಕೈಯಿಂದಲೇ ಮುಚ್ಚಿ ದಾರವನ್ನು ಒಮ್ಮೆ ಎಳೆದು ಬಿಗಿ ಮಾಡಿ. ರೀಲಿನ ಅಂಚಿಗೆ ಮೂರು ಮಿಲಿಮೀಟರ್ ಉಳಿಯುವಷ್ಟೇ ದಾರ ತುಂಬಿ. ಮೀನು ದಾರ ಎಳೆದುಕೊಂಡು ಓಡುವಾಗ ಸುತ್ತುವುದನ್ನು ನಿಲ್ಲಿಸಿ, ಆಗಲೇ ಜಾಸ್ತಿ ತಿರುಚಿಕೊಳ್ಳುವುದು.

ಪ್ರಶ್ನೆ: ಅಮೆರಿಕದಿಂದ ತಮ್ಮ ಬಾಸ್ ರಾಡ್, ರಬ್ಬರ್ ಕಪ್ಪೆಗಳನ್ನು ತಂದುಕೊಟ್ಟಿದ್ದಾನೆ. ಇಲ್ಲಿ ಕೊರಮೀನಿಗೆ ನಡೆಯುತ್ತಾ? ಬಾಸ್ ಮರಿಗಳನ್ನೇ ಕೆರೆಗೆ ತಂದುಬಿಟ್ಟರೆ ಹೇಗೆ?
(ಕೋಲಾರದಿಂದ)

ಉತ್ತರ: ರಾಡ್, ಕಪ್ಪೆ ಚೆನ್ನಾಗಿ ನಡೆಯುತ್ತವೆ. ಕೊರಮೀನೂ ಬಾಸಿನ ಹಾಗೆ ಜೊಂಡಿನ ಕೆಳಗೆ ಹೊಂಚು ಹಾಕುವ ಮೀನೇ. 50 ಪೌಂಡಿನ ಬ್ರೇಡ್ ಹಾಕಿ. ಕಪ್ಪೆ ಮೇಲೆ ನೀರು ಸಿಡಿದ ತಕ್ಷಣ ಎಳೆಯಬೇಡಿ, ಭಾರ ಕೈಗೆ ತಿಳಿಯಲಿ. ಕೊರಮೀನಿಗೆ ಹಲ್ಲು ಚೂಪು, ಬಾಸಿನ ಹಾಗೆ ಕೆಳದವಡೆಗೆ ಹೆಬ್ಬೆರಳು ಹಾಕಿ ಹಿಡಿಯಲು ಹೋಗಬೇಡಿ, ಇಕ್ಕಳ ಇಟ್ಟುಕೊಳ್ಳಿ.

ಮರಿಗಳ ವಿಷಯ ದಯವಿಟ್ಟು ಮನಸ್ಸಿನಿಂದ ತೆಗೆದುಹಾಕಿ. ಜಪಾನಿಗೆ 1925ರಲ್ಲಿ ಬಾಸ್ ತಂದು ಆಶಿ ಸರೋವರಕ್ಕೆ ಬಿಟ್ಟರು. ಅದು ಕೆರೆ, ಹೊಳೆಗಳಿಗೆ ಹರಡಿ ಅಲ್ಲಿನ ಸಣ್ಣ ಮೀನುಗಳನ್ನು ತಿಂದುಹಾಕಿತು. 2005ರಿಂದ ಅದನ್ನು ಸಾಕುವುದು, ಸಾಗಿಸುವುದು ಅಲ್ಲಿ ಕಾನೂನಿನಿಂದಲೇ ನಿಷೇಧ. ನಮ್ಮ ಕೆರೆಯ ಕೊರಮೀನು, ಪಕ್ಕೆ, ಗಿರ್ಲುಗಳಿಗೆ ಆ ಗತಿ ಬೇಡ.

ಪ್ರಶ್ನೆ: 13 ವರ್ಷದ ಮಗನಿಗೆ ಮೊದಲ ಸಲ ಕೊಡಿಸುತ್ತಿದ್ದೇವೆ. ಏನು ತೆಗೆದುಕೊಳ್ಳಲಿ ಅಕ್ಕಾ?
(ಆಸ್ಟಿನ್‌ನಿಂದ ಒಬ್ಬ ತಾಯಿ)

ಉತ್ತರ: ಏಳಡಿಗೆ ಸ್ವಲ್ಪ ಕಡಿಮೆಯ ಮೀಡಿಯಂ ಸ್ಪಿನ್ನಿಂಗ್ ರಾಡ್, 2500 ಅಳತೆಯ ರೀಲ್, 8 ಪೌಂಡಿನ ನೈಲಾನ್ ದಾರ. ಐದಿಂಚಿನ ಮೆತ್ತನೆ ಪ್ಲಾಸ್ಟಿಕ್ ಹುಳವನ್ನು ನಡುವಿಗೇ ಗಾಳಕ್ಕೆ ಚುಚ್ಚಿ ಎಸೆದು ಸುಮ್ನೆ ಮುಳುಗಲು ಬಿಡಲಿ. ಎರಡೂ ತುದಿ ನಡುಗುತ್ತಾ ಇಳಿಯುವಾಗಲೇ ಬಾಸ್ ಹಿಡಿಯುವುದು. ದಾರ ಪಕ್ಕಕ್ಕೆ ಸರಿದರೆ ಎಳೆಯಲಿ. ಟೆಕ್ಸಸ್‌ನಲ್ಲಿ 17 ತುಂಬುವವರೆಗೆ ಅವನಿಗೆ ಲೈಸೆನ್ಸ್ ಬೇಡ, ಗಾಳ ಹಾಕುವುದಾದರೆ ನಿಮಗೆ ಬೇಕು.

ಮನೆಯಲ್ಲೇ ದಪ್ಪ ಹಗ್ಗ, ಬಾಗಿಲ ಚಿಲಕ ಇಟ್ಟುಕೊಂಡು ಪಾಲೊಮಾರ್ ಕಲಿಸಿ. ಹಗ್ಗದಲ್ಲಿ ಬಂದರೆ ದಾರದಲ್ಲಿ ಬರುತ್ತದೆ. ಕತ್ತರಿಸಿದ ದಾರದ ತುಂಡುಗಳಿಗೆ ಅವನ ಜೇಬಿನಲ್ಲಿ ಒಂದು ಸಣ್ಣ ಡಬ್ಬಿ ಇರಲಿ. ದಡದಲ್ಲಿ ಬಿಟ್ಟ ದಾರ ಕೊಕ್ಕರೆಗಳ ಕಾಲಿಗೆ ಸುತ್ತಿಕೊಂಡಿದ್ದನ್ನು ನಾನೇ ಬಿಡಿಸಿದ್ದೇನೆ. ದೋಣಿ ಇಳಿಸುವ ಕಡೆ ಹಳೆಯ ದಾರ ಹಾಕಲು ಉದ್ದ ಪೈಪಿನ ಡಬ್ಬಿ ಇಟ್ಟಿರುತ್ತಾರೆ, ನೈಲಾನ್ ಅದಕ್ಕೆ. ಬ್ರೇಡ್ ಅದಕ್ಕೆ ಹಾಕಬಾರದು. ಮನೆಗೆ ತಂದು ಚೂರು ಚೂರು ಕತ್ತರಿಸಿ ಕಸಕ್ಕೆ ಹಾಕಿ.