ಗಂಡು ಮೀನಿಲ್ಲದ ತೊಟ್ಟಿಯಲ್ಲಿ ಗಪ್ಪಿ ಮತ್ತೆ ಮತ್ತೆ ಮರಿ ಹಾಕುವುದು ಹೇಗೆ?

ಗಂಡನ್ನು ಬೇರ್ಪಡಿಸಿದ ಮೇಲೂ ನಿಮ್ಮ ಹೆಣ್ಣು ಗಪ್ಪಿ ಮೂರು ಬಾರಿ ಮರಿ ಹಾಕಿದೆ, ಗಪ್ಪಿಯ ವೀರ್ಯಾಣು ಬೇರೆ ಮೀನುಗಳದಕ್ಕಿಂತ ಭಿನ್ನವೇ ಎಂದು ಕೇಳಿದ್ದೀರಿ. ಭಿನ್ನವೇ ಹೌದು, ಆ ಭಿನ್ನತೆಗೆ ಕಾರಣ, ಅದು ಈಜಬೇಕಾದದ್ದು ನೀರಿನಲ್ಲಲ್ಲ, ಹೆಣ್ಣಿನ ಒಡಲಿನ ದ್ರವದಲ್ಲಿ ಎಂಬುದು.

ಟ್ರೌಟ್‌ನಂತಹ ಮೀನು ನೀರಿಗೆ ಬಿಡುವ ವೀರ್ಯಾಣುವಿನ ತಲೆ ಗಿಡ್ಡ, ನಡುಭಾಗ ಇನ್ನೂ ಗಿಡ್ಡ. ಅರ್ಧ ನಿಮಿಷದ ಆಸುಪಾಸಿನಲ್ಲಿ ಅದರ ಓಟ ಮುಗಿಯುತ್ತದೆ. ಗಪ್ಪಿಯ ವೀರ್ಯಾಣುವಿನ ತಲೆ ನೀಳವಾಗಿದೆ, ನಡುಭಾಗ ಉದ್ದವಾಗಿದ್ದು, ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾಗಳಿಂದ ತುಂಬಿದೆ. ಇಷ್ಟಾದರೂ ಎರಡಕ್ಕೂ ಅಕ್ರೋಸೋಮ್, ಅಂದರೆ ಮೊಟ್ಟೆಯ ಹೊದಿಕೆಯನ್ನು ಕೊರೆಯಲು ನೆರವಾಗುವ ತಲೆತುದಿಯ ಚೀಲ, ಇಲ್ಲ, ಏಕೆಂದರೆ ಬಹುತೇಕ ಮೂಳೆಮೀನುಗಳಲ್ಲಿ ವೀರ್ಯಾಣು ಮೊಟ್ಟೆಯ ಹೊದಿಕೆಯನ್ನು ಕೊರೆಯದೆ ಮೈಕ್ರೊಪೈಲ್ ಎಂಬ ಸಿದ್ಧ ರಂಧ್ರದಿಂದ ಒಳಹೋಗುತ್ತದೆ. ಗಪ್ಪಿಯಂತೆಯೇ ಹೆಣ್ಣಿನ ಒಡಲೊಳಗೆ ನಿಷೇಚನೆಯಾಗುವ ಶಾರ್ಕ್‌ಗಳದು ಬೇರೆಯೇ ದಾರಿ: ಅಲ್ಲಿ ವೀರ್ಯಾಣುವಿಗೆ ಅಕ್ರೋಸೋಮ್ ಇದೆ, ತಲೆ ತಿರುಪುಮೊಳೆಯಂತೆ ಸುರುಳಿಯಾಗಿದೆ.

ಗಪ್ಪಿಯ ವೀರ್ಯಾಣುಗಳು ಬಿಡಿಬಿಡಿಯಾಗಿಯೂ ಸಾಗುವುದಿಲ್ಲ. ಸಾವಿರಾರು ಸೇರಿ, ತಲೆ ಹೊರಕ್ಕೂ ಬಾಲ ಒಳಕ್ಕೂ ಇರುವ ಉಂಡೆಗಳಾಗುತ್ತವೆ. ವಿದ್ಯಾರ್ಥಿಯಾಗಿದ್ದಾಗ ಅವನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಿದ್ದೇನೆ: 0.9% ಉಪ್ಪಿನ ದ್ರಾವಣದಲ್ಲಿ ರವೆಕಾಳಿನಂತೆ ಅಲುಗಾಡದೆ ಕುಳಿತಿದ್ದವು, ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ತಾಗಿಸಿದೊಡನೆ ಅಂಚು ಮಸುಕಾಗಿ, ಉಂಡೆ ಕರಗಿ, ಕಣ್ಣೆದುರೇ ಎಲ್ಲವೂ ಚದುರಿ ಓಡತೊಡಗಿದವು. ಪಾಠದಲ್ಲಿ ಎಷ್ಟು ಓದಿದ್ದರೂ ಆ ಗಳಿಗೆಗೆ ನಾನು ಸಿದ್ಧನಿರಲಿಲ್ಲ.

ಆ ಉಂಡೆಗಳನ್ನು ಹೆಣ್ಣಿನೊಳಗೆ ತಲುಪಿಸುವುದು ಗೊನೊಪೋಡಿಯಂ. ಇದು ಪ್ರತ್ಯೇಕ ಅಂಗವಲ್ಲ, ಗಂಡಿನ ಗುದರೆಕ್ಕೆಯ 3, 4 ಮತ್ತು 5ನೇ ಕಡ್ಡಿಗಳೇ ನೀಳವಾಗಿ ಬೆಳೆದು ಆದದ್ದು. ಶಾರ್ಕ್‌ನಲ್ಲಿ ಅದೇ ಕೆಲಸಕ್ಕೆ ಸೊಂಟದ ರೆಕ್ಕೆಗಳು ಮಾರ್ಪಟ್ಟಿವೆ.

ಇನ್ನು ಹೆಣ್ಣಿನ ಕಡೆ. ಸಸ್ತನಿಗಳ ಗರ್ಭಾಶಯದಂತಹ ಅಂಗ ಗಪ್ಪಿಗೆ ಇಲ್ಲ. ಒಂದೇ ಅಂಡಾಶಯವಿದ್ದು, ಅದರ ಒಳಮಡಿಕೆಗಳಲ್ಲಿ ವೀರ್ಯಾಣುಗಳು ತಿಂಗಳುಗಟ್ಟಲೆ ಜೀವಂತವಾಗಿ ಉಳಿಯುತ್ತವೆ. ಮೊಟ್ಟೆ ತನ್ನ ಕೋಶಕವನ್ನು (ಅಂಡಾಶಯದಲ್ಲಿ ಅದನ್ನು ಸುತ್ತಿರುವ ಚೀಲವನ್ನು) ಬಿಟ್ಟು ಹೊರಬರುವ ಮೊದಲೇ ನಿಷೇಚನೆಯಾಗಿ, ಭ್ರೂಣವೂ ಸುಮಾರು ನಾಲ್ಕು ವಾರ ಅಲ್ಲೇ ಬೆಳೆಯುತ್ತದೆ. ಹೀಗಾಗಿ ಒಂದು ಕಂತು ಹುಟ್ಟಿದ ಬಳಿಕ ಮುಂದಿನ ಮೊಟ್ಟೆಗಳಿಗೆ ಹೊಸ ಗಂಡು ಬೇಕಿಲ್ಲ, ದಾಸ್ತಾನು ಸಾಕು. ಸತ್ತ ಗಂಡಿನ ಮರಿಗಳೂ ಈ ರೀತಿ ಹುಟ್ಟುತ್ತವೆ. ನಿಮ್ಮ ತೊಟ್ಟಿಯಲ್ಲಿ ಮುಂದಿನ ಕಂತುಗಳು ಚಿಕ್ಕದಾಗುತ್ತಾ ಬಂದರೆ, ದಾಸ್ತಾನು ತೀರುತ್ತಿದೆ ಎಂದುಕೊಳ್ಳಬಹುದು.